‘ಗೋಯಿಂಗ್ಸ್-ಆನ್’ ಅಂದರೆ ಕೆಟ್ಟ ಪದವಾ? ಹಾಸ್ಟೆಲ್ ವರದಿಯಲ್ಲಿ ಹಾಕಿ ಸಿಕ್ಕಿಹಾಕಿಕೊಂಡಿದ್ದೇನೆ

ಹಾಸ್ಟೆಲ್ ಗುಮಾಸ್ತೆ, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಪದದಿಂದ ಮರ್ಯಾದೆ ಹೋಗಿದೆ. ತಿಳಿದವರು ಹೇಳಿ.

ನಾನು ಇಲ್ಲಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ 16 ಪುಟದ ಪುಸ್ತಿಕೆ ಮಾಡುತ್ತೇವೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಕನ್ನಡದ ಕಡೆ ತಲೆಬರಹ ‘ನಮ್ಮ ಹಾಸ್ಟೆಲ್‌ನ ಆಗುಹೋಗುಗಳು’. ಒಳಗಿರುವುದು ರಂಗೋಲಿ ಸ್ಪರ್ಧೆ, ಸೋಲಾರ್ ಹೀಟರ್ ಬಂದದ್ದು, ನಂದಿ ಬೆಟ್ಟಕ್ಕೆ ಹೋಗಿದ್ದು, ಪಿಯುಸಿ ರಿಸಲ್ಟು. ಇಂಗ್ಲಿಷ್ ಕಡೆಗೆ ‘ಆಗುಹೋಗು’ ಅನ್ನುವುದಕ್ಕೆ ಏನು ಹಾಕುವುದು ಅಂತ ಫೋನಲ್ಲಿ ಹುಡುಕಿದೆ. ‘ಗೋಯಿಂಗ್ಸ್-ಆನ್’ ಅಂತ ಬಂತು. ಹೋಗು ಅಂದರೆ ಗೋಯಿಂಗ್, ಅಳತೆ ತೆಗೆದು ಹೊಲಿದ ಹಾಗೆ ಕೂತಿದೆ ಅನ್ನಿಸಿತು. ‘ಗೋಯಿಂಗ್ಸ್-ಆನ್ ಇನ್ ಅವರ್ ಹಾಸ್ಟೆಲ್’ ಅಂತ ದಪ್ಪ ಅಕ್ಷರದಲ್ಲಿ ಹಾಕಿಸಿದೆ. 250 ಪ್ರತಿ.

ಮೊನ್ನೆ ಪ್ರೆಸ್ಸಿನಿಂದ ಕಟ್ಟು ಬಂತು. ನಮ್ಮ ಕಮಿಟಿಯಲ್ಲಿ ಇಂಗ್ಲೆಂಡಿನಲ್ಲಿ ಬಹಳ ವರ್ಷ ಇದ್ದು ಬಂದ ಡಾಕ್ಟರ್ ಒಬ್ಬರಿದ್ದಾರೆ. ಆ ಪುಟ ತೆಗೆದರು. ಕನ್ನಡಕ ಹಣೆಗೆ ಏರಿಸಿದರು. ಮತ್ತೆ ಇಳಿಸಿ ಓದಿದರು. ಆಮೇಲೆ ನಗು ಶುರು. ‘ಏನಮ್ಮಾ, ರಾತ್ರಿ ಹೊತ್ತು ಯಾರಾದರೂ ಕಾಂಪೌಂಡ್ ಹಾರಿ ಬರ್ತಾರಾ?’ ಅಂದರು. ವಾರ್ಡನ್ ಮೇಡಂ ಮುಖ ನೋಡಲಿಕ್ಕಾಗಲಿಲ್ಲ. ನನಗೆ ಏನು ತಪ್ಪಾಯಿತು ಅಂತಲೇ ಗೊತ್ತಾಗಲಿಲ್ಲ.

ಡಿಕ್ಷನರಿಯಲ್ಲಿ ‘ಘಟನೆಗಳು’ ಅಂತಲೇ ಅರ್ಥ ಇದೆ. ಹಾಗಾದರೆ ನಗು ಯಾಕೆ? ಕಾರ್ಯಕ್ರಮ ಮುಂದಿನ ಶನಿವಾರ.

ಮಾಲೂರು ಮೇಷ್ಟ್ರು

ತಾಯಿ, ಮೊದಲು ಸಮಾಧಾನ ಮಾಡ್ಕೊಳ್ಳಿ. ಅದು ಕೆಟ್ಟ ಪದ ಅಲ್ಲ. ಬೈಗುಳ ಅಂತೂ ಅಲ್ಲವೇ ಅಲ್ಲ. ಆದರೆ ಹುಬ್ಬು ಏರಿಸಿಕೊಂಡು ಹೇಳುವ ಪದ.

ಘಟನೆ ಅನ್ನುವ ಅರ್ಥ ನಿಜ. ಆದರೆ ಇಂಗ್ಲಿಷಿನವರು ಇದನ್ನು ಎಲ್ಲಿ ಬಳಸುತ್ತಾರೆ ನೋಡಿ. ಪಕ್ಕದ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ದೀಪ ಹತ್ತಿ ಆರುತ್ತದೆ, ಯಾರೋ ಬಂದು ಹೋಗುತ್ತಾರೆ. ಆಗ ‘ಸ್ಟ್ರೇಂಜ್ ಗೋಯಿಂಗ್ಸ್-ಆನ್ ನೆಕ್ಸ್ಟ್ ಡೋರ್’ ಅನ್ನುತ್ತಾರೆ. ಅದಕ್ಕೆ ಮೊದಲು ಬರುವ ಪದಗಳೂ ಅಂಥವೇ. ಸ್ಟ್ರೇಂಜ್, ಆಡ್, ಮಿಸ್ಟೀರಿಯಸ್, ಶೇಡಿ. ವಿಚಿತ್ರ, ಗುಟ್ಟು, ಸ್ವಲ್ಪ ನಾಚಿಕೆಗೇಡು, ಇಲ್ಲವೇ ಬರೀ ತಮಾಷೆ. ರಂಗೋಲಿ ಸ್ಪರ್ಧೆಗೆ ಆ ಪದ ಯಾರೂ ಹಾಕುವುದಿಲ್ಲ. ಮೇಲಾಗಿ ಅದು ಮಾತಿನ ಪದ. ಡಿಕ್ಷನರಿಗಳಲ್ಲಿ ‘ಇನ್‌ಫಾರ್ಮಲ್’ ಅಂತ ಪಕ್ಕದಲ್ಲೇ ಗುರುತು ಹಾಕಿರುತ್ತಾರೆ. ನಾವು ಅರ್ಥ ಓದುತ್ತೇವೆ, ಆ ಗುರುತು ಬಿಟ್ಟುಬಿಡುತ್ತೇವೆ. ಮೂವತ್ತು ವರ್ಷ ಪಾಠ ಮಾಡಿದೆ, ಎಲ್ಲ ಮಕ್ಕಳೂ ಅಲ್ಲೇ ಬೀಳುತ್ತಿದ್ದರು.

ಇನ್ನೊಂದು. ನೀವು ‘ಹೋಗು’ ನೋಡಿ ‘ಗೋಯಿಂಗ್’ ಹಾಕಿದಿರಿ. ಅಲ್ಲೇ ಜಾರಿದ್ದು. ಆಗುಹೋಗು ಅಂದರೆ ಆದದ್ದು ಮತ್ತು ಕಳೆದುಹೋದದ್ದು. ಇಂಗ್ಲಿಷಿನ ‘ಗೋ ಆನ್’ನಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ಅದು ನಮ್ಮ ‘ನಡೆ’. ಕಾಲಲ್ಲಿ ನಡೆಯುವುದಕ್ಕೂ ಅದೇ ಪದ, ಮದುವೆ ನಡೆಯುವುದಕ್ಕೂ ಅದೇ ಪದ, ಅಲ್ವಾ? ‘ಏನ್ ನಡೀತಾ ಇದೆ ಇಲ್ಲಿ?’ ಅಂದಾಗ ಬರುತ್ತದಲ್ಲ, ಆ ‘ನಡೆ’ಯೇ ‘ಗೋಯಿಂಗ್ ಆನ್’. ತಮಾಷೆ ಅಂದರೆ ನಮ್ಮಲ್ಲಿ ಅದರಿಂದ ಹುಟ್ಟಿದ ಹೆಸರುಪದಗಳೆಲ್ಲ ಮರ್ಯಾದಸ್ಥರು. ನಡತೆ, ನಡವಳಿಕೆ, ಸಭಾ ನಡವಳಿ. ಅವರಲ್ಲಿ ಮಾತ್ರ ಮಗ ಸ್ವಲ್ಪ ಕೈಮೀರಿದ್ದಾನೆ.

ತಟ್ಟೆಇಡ್ಲಿ, ಕ್ಯಾತ್ಸಂದ್ರ

ಮೇಷ್ಟ್ರೇ, ಒಪ್ಪಲ್ಲ. ಅಮೆರಿಕದಲ್ಲಿ ‘ದಿ ನ್ಯೂಯಾರ್ಕರ್’ ಅಂತ ಪತ್ರಿಕೆ ಇದೆ. 1925ರಲ್ಲಿ ಶುರುವಾದದ್ದು. ಅದರಲ್ಲಿ ಊರಿನ ನಾಟಕ, ಸಂಗೀತ, ಚಿತ್ರಪ್ರದರ್ಶನ ಎಲ್ಲ ಪಟ್ಟಿ ಮಾಡುವ ಅಂಕಣಕ್ಕೆ ಬಹಳ ಕಾಲ ಇದ್ದ ಹೆಸರೇ ‘ಗೋಯಿಂಗ್ಸ್ ಆನ್ ಅಬೌಟ್ ಟೌನ್’. ಅಷ್ಟು ದೊಡ್ಡ ಪತ್ರಿಕೆ ಹಾಕಬಹುದು, ಚಿಂತಾಮಣಿ ಹಾಸ್ಟೆಲ್ ಹಾಕಬಾರದಾ? ಆ ಡಾಕ್ಟರಿಗೆ ಇದನ್ನು ತೋರಿಸಿ. ಸುಮ್ನೆ ಹೆದರಬೇಡಿ.

ಮಾಲೂರು ಮೇಷ್ಟ್ರು

ತಟ್ಟೆಇಡ್ಲಿಯವರೇ, ಒಳ್ಳೆ ಉದಾಹರಣೆ. ಅದಕ್ಕಿಂತ ಹಳೆಯದು ನಾನೇ ಕೊಡುತ್ತೇನೆ. ಇಂಗ್ಲಿಷ್ ಕವಿ ಕೋಲ್‌ರಿಜ್ 1798ರಲ್ಲಿ ಬರೆದ ‘ಫ್ರಾಸ್ಟ್ ಅಟ್ ಮಿಡ್‌ನೈಟ್’ ಅನ್ನುವ ಕವನದಲ್ಲಿ ಈ ಪದ ಬರುತ್ತದೆ. ಮಧ್ಯರಾತ್ರಿ, ಮಂಜು, ಪಕ್ಕದಲ್ಲಿ ತೊಟ್ಟಿಲ ಮಗು ಮಲಗಿದೆ. ಹೊರಗೆ ಕಡಲು, ಗುಡ್ಡ, ಕಾಡು, ಜನ ತುಂಬಿದ ಹಳ್ಳಿ, ಬದುಕಿನ ಲೆಕ್ಕವಿಲ್ಲದಷ್ಟು ‘ಗೋಯಿಂಗ್ಸ್-ಆನ್’, ಎಲ್ಲ ಕನಸಿನ ಹಾಗೆ ಸದ್ದಿಲ್ಲದೆ. ಅಲ್ಲಿ ಒಂದು ಚೂರೂ ಅನುಮಾನದ ವಾಸನೆ ಇಲ್ಲ. ಬದುಕಿನ ಆಗುಹೋಗು, ಅಷ್ಟೇ. ಹಾಗಾಗಿ ನಮ್ಮ ಗುಮಾಸ್ತೆಯಮ್ಮ 1798ರಲ್ಲಿ ಪುಸ್ತಿಕೆ ಮಾಡಿಸಿದ್ದರೆ ಯಾರೂ ನಗುತ್ತಿರಲಿಲ್ಲವೋ ಏನೋ.

ಪತ್ರಿಕೆಯ ವಿಷಯ ಬೇರೆ. ಅವರು ಬೇಕಂತಲೇ ಲಘುವಾಗಿ, ಊರು ಸುತ್ತಿ ಬಂದು ಕಟ್ಟೆ ಮೇಲೆ ಕೂತು ಹೇಳುವವರ ಹಾಗೆ ಆ ಹೆಸರಿಟ್ಟರು. ‘ಅಬೌಟ್ ಟೌನ್’ ಅನ್ನುವುದು ಜೊತೆಗಿದೆ. ಊರಿಗೆ ಊರೇ ಅಂದಾಗ ಯಾರ ಮೇಲೂ ಬೊಟ್ಟು ಇಲ್ಲ. ‘ಇನ್ ಅವರ್ ಹಾಸ್ಟೆಲ್’ ಅಂದ ಕೂಡಲೇ ಗೋಡೆ, ಗೇಟು, ಕಿಟಕಿ ಬಂತು. ಒಳಗೇನೋ ಇದೆ ಅಂತಾಯಿತು.

ತಿಪಟೂರು ಕೊಬ್ಬರಿ

‘ಹ್ಯಾಪನಿಂಗ್ಸ್’ ಹಾಕಿ ಮುಗಿಸಿ.

ಡಿಟಿಪಿ ಅಣ್ಣ, ಕೋಲಾರ

ತಿಪಟೂರಿನವರೇ, ಬೆಂಗಳೂರಿನ ಹುಡುಗರು ‘ಹ್ಯಾಪನಿಂಗ್ ಪ್ಲೇಸ್’ ಅಂತ ಯಾವ ಜಾಗಕ್ಕೆ ಹೇಳ್ತಾರೆ ಗೊತ್ತಲ್ಲ? ‘ಹ್ಯಾಪನಿಂಗ್ ಹಾಸ್ಟೆಲ್’ ಅಂತಾದರೆ ವಾರ್ಡನ್ ಮೇಡಂ ರಾಜೀನಾಮೆ ಕೊಡಬೇಕಾಗುತ್ತೆ.

ಗುಮಾಸ್ತೆ ಮೇಡಂ, ನನ್ನದು ಪ್ರೆಸ್ ಕೆಲಸ. 250 ಪುಸ್ತಿಕೆ ಮತ್ತೆ ಹಾಕಿಸಬೇಡಿ, ದುಡ್ಡು ದಂಡ. ತಲೆಬರಹದ ಅಳತೆಗೆ ಬಿಳಿ ಸ್ಟಿಕ್ಕರ್ ಕತ್ತರಿಸಿ ಮೇಲೆ ಅಂಟಿಸಿದರೆ ಆಯಿತು. ಮದುವೆ ಕಾರ್ಡಿನಲ್ಲಿ ಛತ್ರದ ಹೆಸರು ಬದಲಾದಾಗ ನಾವು ಮಾಡುವುದೇ ಅದು. ಆದರೆ ಹೊಸ ಹೆಸರು ಏನು ಅಂತ ನಿಮ್ಮ ನಿಮ್ಮಲ್ಲಿ ಮೊದಲು ತೀರ್ಮಾನ ಆಗಲಿ. ಆ ಪುಟದ ಫೋಟೋ ಕಳಿಸಿ, ಅಳತೆ ಹೇಳುತ್ತೇನೆ.

ಗೂಡಿನ ಸಂತೆ, ಶಿಡ್ಲಘಟ್ಟ

ಮೇಷ್ಟ್ರು ಹೇಳಿದ ಗೋಡೆಯ ಮಾತೇ ಮುಖ್ಯ ಅನ್ನಿಸುತ್ತದೆ. ಸ್ವಲ್ಪ ವಿಸ್ತರಿಸುತ್ತೇನೆ.

ನಮ್ಮೂರಲ್ಲಿ ರೇಷ್ಮೆಗೂಡು ಮಾರುವ ದಿನ ಬೆಳಗಿನ ಜಾವವೇ ಟೀ ಅಂಗಡಿ ತುಂಬುತ್ತದೆ. ಮೊನ್ನೆ ಎದುರುಗಡೆ ಒಂದು ಮನೆ ಮುಂದೆ ಟೆಂಪೋ ಬಂದು ನಿಂತಿತು. ಇಬ್ಬರು ಇಳಿದರು. ಏನೋ ಸುತ್ತಿದ್ದನ್ನು ಒಳಗೆ ತೆಗೆದುಕೊಂಡು ಹೋದರು. ಬಾಗಿಲು ಹಾಕಿಕೊಂಡರು. ನನ್ನ ಪಕ್ಕ ಕೂತಿದ್ದ ಮಾವ ಟೀ ಲೋಟ ಇಳಿಸಿ ‘ಅಲ್ಲೇನೋ ನಡೀತೈತೆ ಕಣಪ್ಪ’ ಅಂದರು. ಹತ್ತು ನಿಮಿಷ ಆದ ಮೇಲೆ ಇನ್ನೊಂದು ಟೆಂಪೋ. ಆಗ ‘ಏನೇನೋ ನಡೀತೈತೆ’ ಅಂದರು. ಆಮೇಲೆ ಗೊತ್ತಾಯಿತು, ಆ ಮನೆಯವರು ಹೊಸ ಫ್ರಿಜ್ಜು, ವಾಷಿಂಗ್ ಮಷೀನು ತರಿಸಿದ್ದರು.

ಈ ಮೂರು ಮಾತು ನೋಡಿ. ‘ಏನು ನಡೀತಾ ಇದೆ?’ ಅಂದರೆ ಬರೀ ಪ್ರಶ್ನೆ. ‘ಏನೋ ನಡೀತಾ ಇದೆ’ ಅಂದರೆ ನನಗೆ ಗೊತ್ತಿಲ್ಲ, ಆದರೆ ಮೂಗಿಗೆ ಬಡಿದಿದೆ. ‘ಏನೇನೋ ನಡೀತಾ ಇದೆ’ ಅಂದರೆ ಒಂದಲ್ಲ, ಹಲವು, ಮತ್ತು ಯಾವುದೂ ನನಗೆ ಹಿಡಿಸಿಲ್ಲ. ಆ ಮೂರನೆಯದೇ ‘ಗೋಯಿಂಗ್ಸ್-ಆನ್’. ಅವರು ಒಂದು ಹೆಸರುಪದದಲ್ಲಿ ಇಟ್ಟದ್ದನ್ನು ನಾವು ಒಂದು ‘ಓ’ದಲ್ಲಿ ಇಟ್ಟಿದ್ದೇವೆ. ಅದಕ್ಕೇ ಕನ್ನಡದಲ್ಲಿ ಸಮಾನ ಪದ ಹುಡುಕಿದರೆ ಸಿಗುವುದಿಲ್ಲ. ಅದು ಪದದಲ್ಲಿಲ್ಲ, ಬಾಲದಲ್ಲಿದೆ.

ಇನ್ನೂ ಮುಖ್ಯ, ಅದನ್ನು ಹೇಳಿದ್ದು ಯಾರು? ಟೀ ಅಂಗಡಿಯಲ್ಲಿ ಕೂತವರು. ಆ ಮನೆಯವರು ‘ನಮ್ಮನೇಲಿ ಏನೇನೋ ನಡೀತಾ ಇದೆ’ ಅನ್ನುವುದಿಲ್ಲ. ಹೇಳಿದರೆ ಗಾಬರಿ ಆಗಬೇಕು! ‘ಗೋಯಿಂಗ್ಸ್-ಆನ್’ ಹೊರಗೆ ನಿಂತವರ ಪದ. ಹಾಸ್ಟೆಲ್‌ನವರೇ ತಮ್ಮ ಬಗ್ಗೆ ಹೇಳಿಕೊಂಡದ್ದಕ್ಕೆ ಡಾಕ್ಟರ್ ನಕ್ಕಿದ್ದು.

ಕೆಜಿಎಫ್ ಲೈನ್ ಮನೆ

ಈ ಪದ ನಾನು ಶಾಲೆಗೆ ಹೋಗುವ ಮೊದಲೇ ಕೇಳಿದ್ದೇನೆ. ನಗಬೇಡಿ, ನಿಜ.

ನಮ್ಮದು ಮನೆಯಲ್ಲಿ ತಮಿಳು. ತಾತ ಚಾಂಪಿಯನ್ ರೀಫ್‌ನಲ್ಲಿ ಗಣಿಗೆ ಇಳಿಯುತ್ತಿದ್ದರು. ಪಾಟಿ, ಅಂದರೆ ನಮ್ಮಜ್ಜಿ, ಆಫೀಸರ್ ಬಂಗಲೆಯೊಂದರಲ್ಲಿ ಆಯಾ. ಅವರಿಗೆ ಓದು ಬರೆಯಲು ಬಾರದು. ಆದರೆ ದೊರೆಸಾನಿಯಿಂದ ಕಲಿತ ಇಂಗ್ಲಿಷ್ ಪದಗಳು ಎಷ್ಟೋ. ಗಣಿ ಮುಚ್ಚಿದ್ದು 2001ರಲ್ಲಿ. ಆ ಹೊತ್ತಿಗೆ ಬಂಗಲೆಗಳು ಖಾಲಿಯಾಗಿ ಎಷ್ಟೋ ಕಾಲವಾಗಿತ್ತು. ಪಾಟಿ ಬಾಯಲ್ಲಿ ಮಾತ್ರ ಆ ಪದಗಳು ಉಳಿದಿದ್ದವು.

ನಮ್ಮ ಲೈನ್ ಮನೆಗಳಲ್ಲಿ ಗೋಡೆಗೆ ಗೋಡೆ ತಾಗಿರುತ್ತದೆ. ಪಕ್ಕದವರು ಈರುಳ್ಳಿ ಹುರಿದರೆ ನಮಗೆ ಸೀನು. ಸಂಜೆ ಪಾಟಿ ಬಾಗಿಲ ಪರದೆಯನ್ನು ಎರಡು ಬೆರಳಲ್ಲಿ ಇಷ್ಟೇ ಸರಿಸಿ ಹೊರಗೆ ನೋಡುತ್ತಿದ್ದರು. ನೋಡಿ, ನಾಲಿಗೆಯಲ್ಲಿ ‘ಚ್’ ಅಂದು, ‘ಗೋಯಿಂಗ್ಸಾನ್, ಗೋಯಿಂಗ್ಸಾನ್’ ಅನ್ನುತ್ತಿದ್ದರು. ನಾನು ಅದು ಪಕ್ಕದ ಮನೆಯವರ ಹೆಸರು ಅಂದುಕೊಂಡಿದ್ದೆ. ಒಂದು ದಿನ ಆ ಅಕ್ಕನನ್ನು ‘ಗೋಯಿಂಗ್ಸಾನಕ್ಕಾ’ ಅಂತ ಕರೆದು ಪಾಟಿ ಹತ್ತಿರ ಏಟು ತಿಂದೆ.

ಗೂಡಿನ ಸಂತೆಯವರು ಹೇಳಿದ್ದು ಸರಿ. ಪಾಟಿ ನಮ್ಮ ಮನೆಯ ಗಲಾಟೆಗೆ ಆ ಪದ ಯಾವತ್ತೂ ಹೇಳಲಿಲ್ಲ. ನಮ್ಮದೂ ಕಡಿಮೆ ಏನಿರಲಿಲ್ಲ.

ಹಾಸ್ಟೆಲ್ ಗುಮಾಸ್ತೆ, ಚಿಂತಾಮಣಿ

ಗೋಯಿಂಗ್ಸಾನಕ್ಕ! ಆಫೀಸಲ್ಲಿ ಒಬ್ಬಳೇ ನಕ್ಕೆ, ವಾರ್ಡನ್ ಮೇಡಂ ಬಂದು ‘ಏನು?’ ಅಂದರು. ಹೇಳಲಿಲ್ಲ.

ಈಗ ಅರ್ಥವಾಯಿತು. ಒಂದು ಸಣ್ಣ ಪ್ರಶ್ನೆ. ‘ಎಸ್’ ಯಾಕೆ ನಡುವೆ ಬಂದಿದೆ? ಮೊದಲು ನಾನು ‘ಗೋಯಿಂಗ್-ಆನ್ಸ್’ ಅಂತ ಟೈಪ್ ಮಾಡಿದ್ದೆ, ಕಂಪ್ಯೂಟರ್ ಕೆಂಪು ಗೆರೆ ಹಾಕಿತು.

ಮಾಲೂರು ಮೇಷ್ಟ್ರು

ಕಬಡ್ಡಿ ಪಂದ್ಯದ ಕಪ್ಪು ನೋಡಿದ್ದೀರಲ್ಲ. ಎರಡನೇ ಬಹುಮಾನದ ಮೇಲೆ ‘ರನ್ನರ್ಸ್-ಅಪ್’ ಅಂತ ಇರುತ್ತದೆ, ‘ರನ್ನರ್-ಅಪ್ಸ್’ ಅಲ್ಲ. ಹಾಗೇ ದಾರಿಹೋಕರು ‘ಪಾಸರ್ಸ್-ಬೈ’, ಬಾಲಬಡುಕರು ‘ಹ್ಯಾಂಗರ್ಸ್-ಆನ್’, ಅತ್ತೆಯರು ‘ಮದರ್ಸ್-ಇನ್-ಲಾ’. ಹೆಸರಾಗಿ ನಿಂತದ್ದಕ್ಕೆ ‘ಎಸ್’ ಸೇರುತ್ತದೆ. ಹಿಂದೆ ಅಂಟಿದ ಚೂರಿಗೆ ಸೇರುವುದಿಲ್ಲ. ನಡುವೆ ಗೆರೆ ಹಾಕಿ.

ಈ ಪದ ಹೆಚ್ಚುಕಡಿಮೆ ಯಾವಾಗಲೂ ಬಹುವಚನ. ‘ಗೋಯಿಂಗ್ಸ್-ಆನ್ ಆರ್’ ಅನ್ನಬೇಕು, ‘ಈಸ್’ ಅಲ್ಲ. ಎಣಿಸುವ ಪದವೂ ಅಲ್ಲ. ‘ಮೂರು ಗೋಯಿಂಗ್ಸ್-ಆನ್ ನಡೆದವು’ ಅಂತ ಯಾರೂ ಹೇಳುವುದಿಲ್ಲ. ಎಣಿಸಲಿಕ್ಕೆ ಬಂದರೆ ಗುಟ್ಟು ಎಲ್ಲಿ ಉಳಿಯಿತು?

ಬಾಗೇಪಲ್ಲಿ ಬಸ್ಸು

ನಮ್ಮ ಕಡೆ ಮನೇಲಿ ತೆಲುಗು, ಬೀದೀಲಿ ಕನ್ನಡ. ಒಂದು ಪದ ಯಾರೂ ಹೇಳಲಿಲ್ಲ. ಭಾಗೋತಂ!

ಇದು ‘ಭಾಗವತ’ದಿಂದ ಬಂದದ್ದು. ರಾತ್ರಿಯಿಡೀ ಬೀದಿಯಲ್ಲಿ ಆಡುವ ಭಾಗವತದ ಆಟ. ಬಣ್ಣ, ವೇಷ, ಕೃಷ್ಣನ ಲೀಲೆ. ಅದೇ ಪದ ಮನೆಮಾತಿಗೆ ಬಂದಾಗ ಯಾರದೋ ಮುಚ್ಚಿಟ್ಟ ಕರಾಮತ್ತು ಅಂತಾಗಿದೆ. ‘ನೀ ಭಾಗೋತಂ ಬಯಟ ಪೆಡತಾನು’ ಅಂದರೆ ನಿನ್ನ ಆಟ ಎಲ್ಲ ಬಯಲು ಮಾಡ್ತೀನಿ ಅಂತ. ದೇವರ ಕಥೆಯಿಂದ ಶುರುವಾಗಿ ಪಕ್ಕದ ಮನೆಯ ಕಥೆಗೆ ಬಂದು ನಿಂತಿತು. ಕನ್ನಡದಲ್ಲೂ ‘ಅದೊಂದು ದೊಡ್ಡ ರಾಮಾಯಣ’ ಅಂತೀವಿ. ಆದರೆ ರಾಮಾಯಣ ಅಂದರೆ ಉದ್ದದ ತಾಪತ್ರಯ. ಭಾಗೋತಂ ಅಂದರೆ ಪರದೆಯ ಹಿಂದಿನದು.

ಗುಮಾಸ್ತೆ ಅಕ್ಕ, ನೀವು ಇಂಗ್ಲಿಷಿನಲ್ಲಿ ಬರೆದದ್ದನ್ನು ನಮ್ಮಮ್ಮನಿಗೆ ಹೇಳುವುದಾದರೆ ‘ಮಾ ಹಾಸ್ಟೆಲ್ ಭಾಗೋತಾಲು’ ಅನ್ನಬೇಕು. 250 ಪ್ರತಿ.

ತಟ್ಟೆಇಡ್ಲಿ, ಕ್ಯಾತ್ಸಂದ್ರ

ಸರಿ ಸೋತೆ. ಆದರೆ ಕನ್ನಡದಲ್ಲಿ ಪದ ಇಲ್ಲ ಅನ್ನುವುದನ್ನು ಒಪ್ಪಲ್ಲ. ಕಾರುಬಾರು ಇದೆ. ವಿದ್ಯಮಾನ ಇದೆ. ಕಿತಾಪತಿ ಇದೆ. ಯವ್ವಾರ ಇದೆ.

ಗೂಡಿನ ಸಂತೆ, ಶಿಡ್ಲಘಟ್ಟ

ಒಂದೊಂದಾಗಿ ನೋಡೋಣ. ಕಾರುಬಾರು ಅಂದರೆ ಯಜಮಾನಿಕೆ. ‘ಮನೆಯಲ್ಲೆಲ್ಲ ಸೊಸೆಯದೇ ಕಾರುಬಾರು’ ಅಂದರೆ ಅವಳ ಮಾತೇ ನಡೆಯುವುದು ಅಂತ. ಗುಟ್ಟೇನಿಲ್ಲ. ವಿದ್ಯಮಾನ ಪತ್ರಿಕೆಯವರ ಪದ, ಅದಕ್ಕೆ ಇಸ್ತ್ರಿ ಹಾಕಿರುತ್ತಾರೆ. ಟೀ ಅಂಗಡಿಯಲ್ಲಿ ಯಾರಾದರೂ ‘ಎದುರು ಮನೆಯ ವಿದ್ಯಮಾನ’ ಅಂದದ್ದು ಕೇಳಿದ್ದೀರಾ? ಕಿತಾಪತಿ ಒಬ್ಬನು ಬೇಕಂತಲೇ ಮಾಡುವ ತರಲೆ. ‘ಗೋಯಿಂಗ್ಸ್-ಆನ್’ನಲ್ಲಿ ಮಾಡುವವನು ಯಾರು ಅಂತ ಕಾಣಬೇಕಾಗಿಲ್ಲ.

ಯವ್ವಾರ ಮಾತ್ರ ಹತ್ತಿರ. ಪುಸ್ತಕದ ‘ವ್ಯವಹಾರ’ ಅಲ್ಲ, ಬಾಯಲ್ಲಿ ಬರುವ ‘ಯವ್ವಾರ’. ವ್ಯವಹಾರಕ್ಕೆ ರಸೀದಿ ಇರುತ್ತದೆ. ಯವ್ವಾರಕ್ಕೆ ಇರುವುದಿಲ್ಲ. ‘ಏನಪ್ಪಾ ಅಲ್ಲಿ ಯವ್ವಾರ?’ ಅಂತ ಹುಬ್ಬು ಹಾರಿಸಿದರೆ ಅದು ಪಕ್ಕಾ ‘ಗೋಯಿಂಗ್ಸ್-ಆನ್’. ಇದಕ್ಕೆ ನಿಮಗೆ ಪೂರ್ತಿ ಮಾರ್ಕು.

ತಟ್ಟೆಇಡ್ಲಿ, ಕ್ಯಾತ್ಸಂದ್ರ

ನಾಲ್ಕರಲ್ಲಿ ಒಂದು. ಎಸೆಸೆಲ್ಸಿಯಲ್ಲೂ ಹಾಗೇ ಬಂದಿತ್ತು.

ತಿಪಟೂರು ಕೊಬ್ಬರಿ

‘ಆನ್‌ಗೋಯಿಂಗ್ಸ್’ ಅಂತ ತಿರುಗಿಸಿ ಹಾಕಿದರೆ? ನಮ್ಮ ಆಫೀಸಿನ ಮೇಲ್‌ಗಳಲ್ಲಿ ನೋಡಿದ್ದೇನೆ.

ಮಾಲೂರು ಮೇಷ್ಟ್ರು

ಬೇಡ. ‘ಆನ್‌ಗೋಯಿಂಗ್’ ಅಂದರೆ ಇನ್ನೂ ಮುಗಿಯದ, ಮುಂದುವರಿದಿರುವ. ಕೆಲಸ, ತನಿಖೆ ಇಂಥ ಪದಗಳ ಮುಂಚೆ ಹಾಕುವ ವಿಶೇಷಣ. ನಿಮ್ಮ ನಂದಿ ಬೆಟ್ಟದ ಪ್ರವಾಸ ಮುಗಿದಿದೆ, ಮಕ್ಕಳು ವಾಪಸ್ ಬಂದಿದ್ದಾರೆ, ಅಲ್ವಾ?

ಹಾಗೇ ‘ಕಮಿಂಗ್ಸ್ ಅಂಡ್ ಗೋಯಿಂಗ್ಸ್’ ಕೂಡ ಬೇರೆ. ಅದು ಬರುವುದು ಹೋಗುವುದು. ಹಾಸ್ಟೆಲ್ ಗೇಟಿನಲ್ಲಿ ವಾಚ್‌ಮನ್ ಹತ್ತಿರ ಒಂದು ರಿಜಿಸ್ಟರ್ ಇರುತ್ತದೆ. ಯಾರು ಎಷ್ಟು ಗಂಟೆಗೆ ಹೊರಗೆ ಹೋದರು, ಎಷ್ಟಕ್ಕೆ ಬಂದರು, ಸಹಿ. ಅದರಲ್ಲಿ ಬರೆದಿರುವುದು ‘ಕಮಿಂಗ್ಸ್ ಅಂಡ್ ಗೋಯಿಂಗ್ಸ್’. ಅದರಲ್ಲಿ ಬರೆಯದೆ ಇರುವುದು ‘ಗೋಯಿಂಗ್ಸ್-ಆನ್’.

‘ಕ್ಯಾರಿಯಿಂಗ್ಸ್-ಆನ್’ ಅಂತ ಇವರ ಇನ್ನೊಬ್ಬ ಅಣ್ಣ ಇದ್ದಾನೆ. ಅವನು ಇನ್ನೂ ಪೋಲಿ. ಕುಡಿದು ಕೂಗಾಡಿದ್ದು, ಯಾರದೋ ಹೆಂಡತಿ ಜೊತೆ ಓಡಾಡಿದ್ದು, ಇಂಥದಕ್ಕೆ. ಫೋನ್ ಅದನ್ನು ತೋರಿಸದಿದ್ದುದೇ ನಿಮ್ಮ ಪುಣ್ಯ.

ತಲೆಬರಹಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ‘ದಿ ಇಯರ್ ಅಟ್ ಅವರ್ ಹಾಸ್ಟೆಲ್’. ಈ ವರ್ಷ ನಮ್ಮ ಹಾಸ್ಟೆಲ್‌ನಲ್ಲಿ ಅಂತ. ಸಾದಾ, ಯಾರೂ ನಗುವುದಿಲ್ಲ. ಕನ್ನಡದ ಕಡೆ ‘ಆಗುಹೋಗುಗಳು’ ಮುಟ್ಟಬೇಡಿ, ಅದು ಚೆನ್ನಾಗಿದೆ.

ಕೆಜಿಎಫ್ ಲೈನ್ ಮನೆ

ಚೆನ್ನಾಗಿದೆ ಮೇಷ್ಟ್ರೇ. ಆದರೂ ಆ ಹಳೆ ಹೆಸರಿದ್ದಿದ್ದರೆ ಎಲ್ಲರೂ ಪುಸ್ತಿಕೆ ಓದುತ್ತಿದ್ದರು. ಹೊಸದನ್ನು ಯಾರೂ ತೆರೆಯುವುದಿಲ್ಲ.

ಹಾಸ್ಟೆಲ್ ಗುಮಾಸ್ತೆ, ಚಿಂತಾಮಣಿ

ಮೇಷ್ಟ್ರು ಹೇಳಿದ್ದೇ ಹಾಕಿಸಿದೆ. ನಿನ್ನೆ ರಾತ್ರಿ ಊಟದ ಟೇಬಲ್ ಒರೆಸಿ, ಆರು ಜನ ಹುಡುಗಿಯರು ಕೂತು ಸ್ಟಿಕ್ಕರ್ ಅಂಟಿಸಿದರು. ಒಬ್ಬಳು ಹಾಳೆ ಬಿಡಿಸುವುದು, ಒಬ್ಬಳು ಸ್ಕೇಲ್ ಇಟ್ಟು ಕೂರಿಸುವುದು, ಒಬ್ಬಳು ಬಟ್ಟೆಯಲ್ಲಿ ಉಜ್ಜುವುದು. ಅವರಿಗೆ ಯಾಕೆ ಅಂತ ಹೇಳಿರಲಿಲ್ಲ. ಐವತ್ತು ಪುಸ್ತಿಕೆ ಆಗುವಷ್ಟರಲ್ಲಿ ಒಬ್ಬಳು ಫೋನಲ್ಲಿ ಅರ್ಥ ನೋಡಿದಳು. ಆಮೇಲೆ ಕೆಲಸಕ್ಕಿಂತ ನಗು ಜಾಸ್ತಿ. ಹನ್ನೊಂದು ಗಂಟೆಗೆ ವಾರ್ಡನ್ ಮೇಡಂ ಕೆಳಗೆ ಬಂದು ‘ಏನಿದು ಇಷ್ಟು ಹೊತ್ತಲ್ಲಿ, ಏನ್ ನಡೀತಾ ಇದೆ?’ ಅಂದರು. ಅಷ್ಟೇ, ಒಬ್ಬಳು ಬೆಂಚಿನಿಂದ ಬಿದ್ದಳು.

249 ಆಯಿತು. ಒಂದು ಡಾಕ್ಟರ್ ಹತ್ತಿರ ಇದೆ. ಕೇಳಿದರೆ ‘ಇದು ನನ್ನ ಬಳಿಯೇ ಇರಲಿ’ ಅಂದರು.

ಡಿಟಿಪಿ ಅಣ್ಣ, ಕೋಲಾರ

ಚೆನ್ನಾಗಾಯ್ತು ಮೇಡಂ. ನೀವು ಕಳಿಸಿದ ಫೋಟೋ ಈಗ ದೊಡ್ಡದು ಮಾಡಿ ನೋಡುತ್ತಿದ್ದೆ. ಇಂಗ್ಲಿಷ್ ಕಡೆಯ ಎಂಟೂ ಪುಟದ ಕೆಳಗೆ, ಪುಟದ ನಂಬರ್ ಪಕ್ಕ ಸಣ್ಣ ಅಕ್ಷರದಲ್ಲಿ ತಲೆಬರಹ ಮತ್ತೆ ಬಂದಿರುತ್ತೆ. ಪ್ರೆಸ್ಸಿನವರು ತಾವಾಗೇ ಹಾಕುತ್ತಾರೆ. ಅದಕ್ಕೂ ಅಂಟಿಸಿದಿರಾ?

ಹಾಸ್ಟೆಲ್ ಗುಮಾಸ್ತೆ, ಚಿಂತಾಮಣಿ

ಅಯ್ಯೋ.

ತಟ್ಟೆಇಡ್ಲಿ, ಕ್ಯಾತ್ಸಂದ್ರ

ಬಿಡಿ ಮೇಡಂ, ಪುಟದ ಕೆಳಗಿನ ಸಾಲು ಯಾರು ಓದುತ್ತಾರೆ?

ಹಾಸ್ಟೆಲ್ ಗುಮಾಸ್ತೆ, ಚಿಂತಾಮಣಿ

ಡಾಕ್ಟರ್ ಓದುತ್ತಾರೆ.